ದೋಣಿಯ ಬುತ್ತಿ: ಪೆಮಿಕನ್‌ನಿಂದ ಒಣ ಸಾಸೇಜ್‌ವರೆಗೆ

ಜೂನ್ ತಿಂಗಳು ಕಾಲಿಟ್ಟಿತೆಂದರೆ ಒಂಟಾರಿಯೋದಲ್ಲಿ ನೆಲೆಸಿರುವ ನಮ್ಮ ಸದಸ್ಯ ಕುಟುಂಬಗಳಲ್ಲಿ ಹಲವು ಕನೂ ದೋಣಿಗಳನ್ನು ಬಾಡಿಗೆಗೆ ಪಡೆದು ಆಲ್ಗಾಂಕ್ವಿನ್, ಕಿಲಾರ್ನಿ, ಫ್ರೆಂಚ್ ನದಿಗಳ ಕಡೆಗೆ ಹೊರಡುತ್ತವೆ. ಡೇರೆ, ಜೀವರಕ್ಷಕ ಅಂಗಿ, ಸೊಳ್ಳೆ ಔಷಧಿಗಳ ಪಟ್ಟಿ ಸಿದ್ಧವಾದ ಮೇಲೆ ಮಾಂಸಾಹಾರಿ ಮನೆಗಳಲ್ಲಿ ಪ್ರತಿವರ್ಷವೂ ಏಳುವ ಪ್ರಶ್ನೆಯೊಂದಿದೆ: ಮಂಜುಗಡ್ಡೆಯಿಲ್ಲದೆ ನಾಲ್ಕೈದು ದಿನ ಕೆಡದೆ ಉಳಿಯುವ ಮಾಂಸ ಯಾವುದು? ಆಲ್ಗಾಂಕ್ವಿನ್ ಉದ್ಯಾನದ ಒಳಕಾಡಿಗೆ ಆಹಾರದ ಡಬ್ಬಿ, ಬಾಟಲಿಗಳನ್ನು ಒಯ್ಯುವಂತಿಲ್ಲ. ಆದ್ದರಿಂದ ಡಬ್ಬಿಯ ಮಾಂಸದ ದಾರಿಯೂ ಅಲ್ಲಿ ಮುಚ್ಚಿದೆ. ಮುಖ್ಯವಾಗಿ ಉಳಿಯುವುದು ಒಣಗಿಸಿದ ಸಾಸೇಜ್ ಮತ್ತು ಉಪ್ಪುಹಾಕಿ ಹದಗೊಳಿಸಿದ ಮಾಂಸ.

ಅಂಗಡಿಯ ಕಪಾಟಿನ ಮುಂದೆ ನಿಂತು ನಾವು ಕೇಳಿಕೊಳ್ಳುವ ಈ ಸಣ್ಣ ಪ್ರಶ್ನೆಯನ್ನೇ ಎರಡು ಶತಮಾನಗಳ ಹಿಂದೆ ಈ ನಾಡಿನ ವ್ಯಾಪಾರ ಸಂಸ್ಥೆಗಳು ಕೇಳಿಕೊಂಡಿದ್ದವು. ಅದರ ಉತ್ತರಕ್ಕಾಗಿ ಇಲ್ಲಿ ರಕ್ತ ಹರಿದಿದೆ. ಅದಕ್ಕೆ ದೊರೆತ ತಪ್ಪು ಉತ್ತರಗಳಿಂದ ಯುರೋಪಿನ ಹಳ್ಳಿಗಳಲ್ಲಿ ಜೀವಗಳು ಹೋಗಿವೆ. ಆ ಚರಿತ್ರೆಯನ್ನು ಬಲ್ಲವರಿಗೆ ಕಪಾಟಿನ ಮುಂದಿನ ಆಯ್ಕೆ ಸುಲಭವಾಗುತ್ತದೆ.

ನೀರನ್ನು ತೆಗೆದವರು

ಕೊಬ್ಬಿಲ್ಲದ ತಾಜಾ ಮಾಂಸದ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರೇ. ಕೆಡಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದುದೂ ಆ ನೀರೇ. ಈ ಸತ್ಯವನ್ನು ಸೂಕ್ಷ್ಮದರ್ಶಕವಿಲ್ಲದೆ ಕಂಡುಕೊಂಡವರು ಉತ್ತರ ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳು. ಅವರ ಸಿದ್ಧಾಹಾರದ ಹೆಸರು ಪೆಮಿಕನ್. ಕ್ರೀ ಭಾಷೆಯಲ್ಲಿ ಕೊಬ್ಬನ್ನು ಸೂಚಿಸುವ ಪದದಿಂದ ಹುಟ್ಟಿದ ಹೆಸರು ಅದು.

ಬೈಸನ್ ಮಾಂಸವನ್ನು ತೆಳುವಾದ ಪಟ್ಟಿಗಳಾಗಿ ಸೀಳಿ, ಬಿಸಿಲಿನಲ್ಲಿಯೋ ಸಣ್ಣ ಬೆಂಕಿಯ ಮೇಲೆಯೋ ಒಣಗಿಸಿ, ಕುಟ್ಟಿ ಪುಡಿಮಾಡುತ್ತಿದ್ದರು. ಕರಗಿಸಿದ ಕೊಬ್ಬನ್ನು ಸರಿಸುಮಾರು ಸಮತೂಕದಲ್ಲಿ ಅದಕ್ಕೆ ಸುರಿದು ಕಲಸುತ್ತಿದ್ದರು. ಕೆಲವೊಮ್ಮೆ ಸಾಸ್ಕಟೂನ್ ಹಣ್ಣನ್ನೂ ಸೇರಿಸುವುದಿತ್ತು. ಬಳಿಕ ಬೈಸನ್ ಚರ್ಮದ ಚೀಲದಲ್ಲಿ ತುಂಬಿ ಹೊಲಿಯುತ್ತಿದ್ದರು. ಒಂದು ಚೀಲದ ತೂಕ ಸುಮಾರು 40 ಕಿಲೋ. ಒಣಗಿಸಿದ ಪುಡಿಯಲ್ಲಿ ನೀರಿಲ್ಲ; ಸಂದುಗಳನ್ನು ತುಂಬಿದ ಕೊಬ್ಬು ಹೊರಗಿನ ಗಾಳಿಯನ್ನೂ ತೇವವನ್ನೂ ಒಳಬಿಡದು. ಉಪ್ಪಿನ ಹಂಗಿಲ್ಲದ ಈ ವಿದ್ಯೆಯ ಶ್ರಮದ ಬಹುಪಾಲು ಹೆಂಗಸರದು. ಕಂಪನಿಗಳ ಲೆಕ್ಕಪುಸ್ತಕಗಳಲ್ಲಿ ಅವರ ಹೆಸರು ಕಾಣುವುದು ಅಪರೂಪ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ, ಹಪ್ಪಳಗಳನ್ನು ಒಣಗಿಸಿ ಮಳೆಗಾಲಕ್ಕೆ ಕಾದಿಡುವ ಮನೆಗಳಿಂದ ಬಂದ ನಮಗೆ ಈ ತರ್ಕ ಹೊಸದಲ್ಲ. ಕರಾವಳಿಯ ಒಣಮೀನಿನ ಹಿಂದೆ ಇರುವುದೂ ಇದೇ ತಿಳಿವಳಿಕೆ.

ಕೊಬ್ಬನ್ನು ಬೆರೆಸಿದ್ದು ರುಚಿಗಾಗಿ ಮಾತ್ರವಲ್ಲ. ಕೊಬ್ಬಿಲ್ಲದ ಮಾಂಸವನ್ನೇ ವಾರಗಟ್ಟಲೆ ತಿಂದವನು ಹೊಟ್ಟೆ ತುಂಬ ಉಂಡರೂ ಭೇದಿ, ತಲೆನೋವು, ಅಶಕ್ತಿಗಳಿಂದ ಕುಗ್ಗುತ್ತಾನೆ. ಯಕೃತ್ತು ಪ್ರೋಟೀನನ್ನು ಒಂದು ಮಿತಿಯವರೆಗೆ ಮಾತ್ರ ಶಕ್ತಿಯಾಗಿ ಬದಲಿಸಬಲ್ಲದು. ಕೊಬ್ಬು ಅತ್ಯಲ್ಪವಾಗಿರುವ ಮೊಲದ ಮಾಂಸವನ್ನೇ ನೆಚ್ಚಿ ಬಳಲಿದವರ ಅನುಭವದಿಂದ ಈ ಸ್ಥಿತಿಗೆ ಮೊಲದ ಹಸಿವು ಎಂಬ ಹೆಸರು ಬಂದಿದೆ.

ದೋಣಿಗೆ ಇಂಧನ

ಹದಿನೆಂಟನೆಯ ಶತಮಾನದಲ್ಲಿ ಬೀವರ್ ಚರ್ಮದ ವ್ಯಾಪಾರಕ್ಕಾಗಿ ಮಾಂಟ್ರಿಯಲ್‌ನಿಂದ ಹೊರಡುತ್ತಿದ್ದ ದೊಡ್ಡ ಕನೂಗಳ ಉದ್ದ ಸುಮಾರು 11 ಮೀಟರ್. ಒಟ್ಟಾವಾ ನದಿ, ಮಟ್ಟಾವಾ ನದಿ, ನಿಪಿಸಿಂಗ್ ಸರೋವರ, ಫ್ರೆಂಚ್ ನದಿ, ಹ್ಯೂರಾನ್ ಸರೋವರಗಳನ್ನು ದಾಟಿ ಅವು ಸುಪೀರಿಯರ್ ಸರೋವರದ ಪಶ್ಚಿಮ ದಂಡೆಯನ್ನು ಸೇರುತ್ತಿದ್ದವು. ನಾವು ಇಂದು ವಿಹಾರಕ್ಕೆಂದು ಹುಟ್ಟು ಹಾಕುವ ಫ್ರೆಂಚ್ ನದಿ ಅಂದಿನ ಹೆದ್ದಾರಿಯಾಗಿತ್ತು. ಹುಟ್ಟು ಹಾಕುತ್ತಿದ್ದ ಕೂಲಿಗಳನ್ನು ವೊಯಾಜರ್‌ಗಳೆಂದು ಕರೆಯುತ್ತಿದ್ದರು. ನಸುಕಿಗೆ ಮುನ್ನ ಎದ್ದು ಕತ್ತಲಾಗುವವರೆಗೆ ದುಡಿಯುತ್ತಿದ್ದ ಇವರು, ಜಲಪಾತಗಳ ಬಳಿ ನೆಲದ ಮೇಲೆ ಸರಕು ಸಾಗಿಸುವಾಗ ತಲಾ 40 ಕಿಲೋ ತೂಕದ ಎರಡು ಮೂಟೆಗಳನ್ನು ಒಟ್ಟಿಗೇ ಹೊರುತ್ತಿದ್ದರು.

ಮಾಂಟ್ರಿಯಲ್‌ನಿಂದ ಸುಪೀರಿಯರ್‌ವರೆಗಿನವರ ಊಟ ಜೋಳ ಅಥವಾ ಬಟಾಣಿಯ ಗಂಜಿ ಮತ್ತು ಹಂದಿಯ ಕೊಬ್ಬು. ಅದಕ್ಕಾಗಿ ಅವರಿಗೆ ಹಂದಿಕೊಬ್ಬು ತಿನ್ನುವವರೆಂಬ ಅಡ್ಡಹೆಸರು ಅಂಟಿತ್ತು. ಅಲ್ಲಿಂದ ಪಶ್ಚಿಮಕ್ಕೆ, ಅಥಾಬಾಸ್ಕಾದವರೆಗೆ ಹೋಗುವವರಿಗೆ ಆ ಬುತ್ತಿ ಸಾಲದು. ಬೇಸಿಗೆ ಗಿಡ್ಡ, ದಾರಿ ದೀರ್ಘ. ಬೇಟೆಗೆಂದು ನಿಂತರೆ ನದಿಗಳು ಹೆಪ್ಪುಗಟ್ಟುವ ಮುನ್ನ ಗುರಿ ತಲಪಲಾಗದು. ಅಲ್ಲಿ ಕೈಹಿಡಿದದ್ದು ಪೆಮಿಕನ್. ಅಲೆಕ್ಸಾಂಡರ್ ಮೆಕೆಂಜಿ 1793ರಲ್ಲಿ ಪೆಸಿಫಿಕ್ ಸಾಗರದತ್ತ ಸಾಗುವಾಗ, ಹಿಂದಿರುಗುವ ದಾರಿಗೆಂದು 90 ಪೌಂಡ್ ಪೆಮಿಕನ್ನನ್ನು ನೆಲದಲ್ಲಿ ಹೂತು, ಗುರುತು ಸಿಗದಂತೆ ಅದರ ಮೇಲೆ ಬೆಂಕಿ ಹಾಕಿಸಿದ್ದನು. ಬುತ್ತಿ ಆಗ ಬಚ್ಚಿಡಬೇಕಾದ ಸಂಪತ್ತಾಗಿತ್ತು.

ಬುತ್ತಿಗಾಗಿ ನಡೆದ ಕಾಳಗ

ಸಂಪತ್ತಿದ್ದಲ್ಲಿ ಕಲಹ ತಪ್ಪದು. 1812ರಿಂದ ಕೆಂಪುನದಿಯ ಕಣಿವೆಯಲ್ಲಿ, ಅಂದರೆ ಇಂದಿನ ವಿನಿಪೆಗ್‌ನ ಸುತ್ತಲಲ್ಲಿ, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳಿಂದ ಬಂದ ವಲಸಿಗರು ನೆಲೆಗೊಳ್ಳತೊಡಗಿದರು. ಬೆಳೆ ಕೈಗೆ ಹತ್ತಿರಲಿಲ್ಲ; ಹಸಿವು ಬಾಗಿಲಲ್ಲಿತ್ತು. ಅಲ್ಲಿನ ಗವರ್ನರ್ ಮೈಲ್ಸ್ ಮೆಕ್‌ಡೊನೆಲ್ 1814ರ ಜನವರಿ 8ರಂದು ಘೋಷಣೆಯೊಂದನ್ನು ಹೊರಡಿಸಿ, ಪೆಮಿಕನ್ ಮೊದಲಾದ ಆಹಾರವನ್ನು ಒಂದು ವರ್ಷ ಕಾಲ ಆ ಪ್ರಾಂತದಿಂದ ಹೊರಗೆ ಸಾಗಿಸಕೂಡದೆಂದು ನಿಷೇಧಿಸಿದನು.

ವಲಸಿಗರ ದೃಷ್ಟಿಯಲ್ಲಿ ಅದು ಹಸಿವಿಗೆ ಪರಿಹಾರ. ನಾರ್ತ್ ವೆಸ್ಟ್ ಕಂಪನಿಯ ದೋಣಿಗಳಿಗೆ ಮರಣಶಾಸನ. ಬೈಸನ್ ಬೇಟೆಯಾಡಿ ಪೆಮಿಕನ್ ಮಾಡಿ ಮಾರಿ ಬದುಕುತ್ತಿದ್ದ ಮೆಟಿ ಜನರಿಗಂತೂ ತಮ್ಮ ನೆಲದಲ್ಲಿಯೇ ತಮ್ಮ ಕಸುಬನ್ನು ಕಸಿದುಕೊಂಡ ಅನ್ಯಾಯ. 1816ರ ಜೂನ್ 19ರಂದು ಕತ್ಬರ್ಟ್ ಗ್ರಾಂಟ್‌ನ ನಾಯಕತ್ವದಲ್ಲಿ ಪೆಮಿಕನ್ ಸಾಗಿಸುತ್ತಿದ್ದ ಮೆಟಿ ತಂಡಕ್ಕೂ ಹೊಸ ಗವರ್ನರ್ ರಾಬರ್ಟ್ ಸೆಂಪಲ್‌ನ ಕಡೆಯವರಿಗೂ ಸೆವೆನ್ ಓಕ್ಸ್ ಎಂಬಲ್ಲಿ ಕಾಳಗವಾಯಿತು. ಸೆಂಪಲ್ ಸೇರಿದಂತೆ ಅವನ ಪಕ್ಷದ 21 ಮಂದಿ ಮಡಿದರು. ಮೆಟಿ ಜನ ತಮ್ಮನ್ನು ಒಂದು ರಾಷ್ಟ್ರವೆಂದು ಗುರುತಿಸಿಕೊಳ್ಳುವ ಕಥನದಲ್ಲಿ ಈ ದಿನಕ್ಕೆ ಇಂದಿಗೂ ದೊಡ್ಡ ಸ್ಥಾನವಿದೆ. ಕಲಹದಿಂದ ಸೋತುಹೋದ ಹಡ್ಸನ್ ಬೇ ಮತ್ತು ನಾರ್ತ್ ವೆಸ್ಟ್ ಕಂಪನಿಗಳು 1821ರಲ್ಲಿ ಒಂದಾದವು.

ಆದರೆ ಬೇಟೆ ನಿಲ್ಲಲಿಲ್ಲ. 1880ರ ದಶಕದ ಹೊತ್ತಿಗೆ ಬಯಲುಸೀಮೆಯ ಬೈಸನ್ ಹಿಂಡುಗಳು ಬಹುಮಟ್ಟಿಗೆ ಅಳಿದುಹೋದವು. ಅವುಗಳೊಡನೆ ಪೆಮಿಕನ್‌ನ ಯುಗವೂ ಮುಗಿಯಿತು. ಕಾಡಿಗೆ ಹೋಗುವವರ ಚೀಲದಲ್ಲಿ ಅದರ ಜಾಗಕ್ಕೆ ಯುರೋಪಿನಿಂದ ಬಂದ ಉಪ್ಪುಮಾಂಸ ಮತ್ತು ಸಾಸೇಜ್‌ಗಳು ಸೇರಿದವು.

ಸಾಸೇಜಿನ ವಿಷ

ಸಾಸೇಜಿನ ಸ್ವಭಾವ ಪೆಮಿಕನ್ನಿನದಲ್ಲ. ಪೆಮಿಕನ್‌ನಲ್ಲಿ ತೆಳುಪಟ್ಟಿ ಒಣಗಿದ ಮೇಲೆ ಚೀಲ ಸೇರುತ್ತದೆ. ಸಾಸೇಜಿನಲ್ಲಿ ಹಸಿ ಮಾಂಸವೇ ಕರುಳಿನ ಚೀಲದೊಳಗೆ ಗಾಳಿಯಿಲ್ಲದಂತೆ ತುಂಬಿಕೊಳ್ಳುತ್ತದೆ. ಒಣಗುವ ಮುನ್ನವೇ ಒಳಗೆ ಅನಾಹುತವಾಗಬಹುದು. ಅದನ್ನು ಮೊದಲು ಶಾಸ್ತ್ರೀಯವಾಗಿ ದಾಖಲಿಸಿದವನು ಜರ್ಮನಿಯ ವುರ್ಟೆಂಬರ್ಗ್‌ನ ವೈದ್ಯ, ಕವಿಯೂ ಆಗಿದ್ದ ಜಸ್ಟಿನಸ್ ಕೆರ್ನರ್. ಕೆಂಪುನದಿಯ ಕಲಹ ಕೊನೆಗೊಳ್ಳುತ್ತಿದ್ದ ವರ್ಷಗಳಲ್ಲಿಯೇ.

ಕೆಟ್ಟ ಸಾಸೇಜ್ ತಿಂದವರಿಗೆ ಕಣ್ಣು ಮಂಜಾಗುವುದು, ರೆಪ್ಪೆ ಜೋಲುವುದು, ಬಾಯಿ ಒಣಗುವುದು, ನುಂಗಲಾಗದಿರುವುದು, ಕೊನೆಗೆ ಉಸಿರು ನಿಲ್ಲುವುದು. ಆದರೆ ಪ್ರಜ್ಞೆ ಮಾತ್ರ ಸ್ಪಷ್ಟವಾಗಿರುವುದು. ಇಂತಹ ಪ್ರಕರಣಗಳನ್ನು 1820 ಮತ್ತು 1822ರ ತನ್ನ ಗ್ರಂಥಗಳಲ್ಲಿ ಕೆರ್ನರ್ ವಿವರಿಸಿದನು. ವಿಷದ ಸಾರವನ್ನು ತಾನೇ ರುಚಿನೋಡಿ ಪರೀಕ್ಷಿಸಿದನು. ಗಾಳಿಯಿಲ್ಲದಲ್ಲಿ ಹುಟ್ಟುವ ಈ ವಿಷ ನರಗಳ ಸಂದೇಶವನ್ನು ತಡೆಯುತ್ತದೆಂಬ ಅವನ ಊಹೆ ನಿಜವಾಯಿತು. 1895ರಲ್ಲಿ ಬೆಲ್ಜಿಯಂನ ಎಲ್‌ಝೆಲ್ ಗ್ರಾಮದಲ್ಲಿ ಶವಸಂಸ್ಕಾರಕ್ಕೆ ಬಂದಿದ್ದ ವಾದ್ಯಗಾರರು ಉಪ್ಪುಹಾಕಿದ ಹಸಿ ಹ್ಯಾಮ್ ತಿಂದು ಅಸ್ವಸ್ಥರಾದರು, ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಆ ಮಾಂಸದಿಂದ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದನು. ಲ್ಯಾಟಿನ್‌ನಲ್ಲಿ ಬೊಟುಲಸ್ ಎಂದರೆ ಸಾಸೇಜ್. ರೋಗಕ್ಕೆ ಬೊಟುಲಿಸಂ ಎಂಬ ಹೆಸರು ಉಳಿಯಿತು.

ಅನುಭವಿ ಕಟುಕರು ಶತಮಾನಗಳಿಂದ ಮಾಡುತ್ತಿದ್ದ ಕೆಲಸದ ಅರ್ಥ ಆಮೇಲೆ ತಿಳಿಯಿತು. ಉಪ್ಪು ನೀರನ್ನು ಕಟ್ಟಿಹಾಕುತ್ತದೆ. ಬಣ್ಣಕ್ಕೆಂದು ಬೆರೆಸುತ್ತಿದ್ದ ಪೆಟ್ಲುಪ್ಪು ಮಾಂಸದೊಳಗೆ ನೈಟ್ರೈಟ್ ಆಗಿ ಮಾರ್ಪಟ್ಟು ಆ ಬ್ಯಾಕ್ಟೀರಿಯವನ್ನು ತಡೆಯುತ್ತದೆ. ದೋಸೆಹಿಟ್ಟನ್ನು ಹುಳಿಬರಿಸುವ ಜಾತಿಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳೇ ಸಲಾಮಿಯನ್ನೂ ಹುಳಿಗೊಳಿಸುತ್ತವೆ. ಆ ಬಳಿಕ ವಾರಗಟ್ಟಲೆ ಒಣಗಿಸುವಿಕೆ ಉಳಿದ ನೀರನ್ನು ಕಳೆಯುತ್ತದೆ. ಸೂಕ್ಷ್ಮಜೀವಿಗಳಿಗೆ ದಕ್ಕುವ ನೀರಿನ ಪ್ರಮಾಣವನ್ನು ಇಂದು ಜಲಸಕ್ರಿಯತೆ ಎಂದು ಅಳೆಯುತ್ತಾರೆ. ಶುದ್ಧ ನೀರಿನದು 1. ಅದು 0.85ಕ್ಕೆ ಇಳಿದರೆ, ಇಲ್ಲವೇ ಪಿಎಚ್ 4.6ಕ್ಕೆ ಇಳಿದರೆ, ಇಲ್ಲವೇ ಎರಡೂ ನಿಗದಿಯಾದ ಮಟ್ಟಕ್ಕೆ ಜೊತೆಗೂಡಿ ಇಳಿದರೆ ಸಾಸೇಜನ್ನು ಶೈತ್ಯವಿಲ್ಲದೆ ಇಡಬಹುದೆಂದು ಕೆನಡಾದ ನಿಯಮಗಳು ಒಪ್ಪುತ್ತವೆ.

ಕಪಾಟಿನ ಮುಂದೆ

ಆದ್ದರಿಂದ ಮೊದಲು ನೋಡಬೇಕಾದುದು ಚೀಟಿ. ಶೈತ್ಯದಲ್ಲಿಡಬೇಕೆಂಬ ಒಕ್ಕಣೆಯಿದ್ದರೆ, ಎಷ್ಟೇ ಹೊಗೆಯ ವಾಸನೆಯಿದ್ದರೂ ಅದು ದೋಣಿಯ ಬುತ್ತಿಯಲ್ಲ. ಹೆಸರನ್ನು ನಂಬುವಂತಿಲ್ಲ: ಸ್ಪೇನಿನ ಒಣ ಚೋರಿಸೊ ಬೇರೆ, ಮೆಕ್ಸಿಕೋದ ಹಸಿ ಚೋರಿಸೊ ಬೇರೆ, ಸಮ್ಮರ್ ಸಾಸೇಜ್‌ಗಳಲ್ಲಿ ಕೆಲವು ಹೊರಗಿಡತಕ್ಕವು, ಕೆಲವು ಅಲ್ಲ. ಗಾಳಿ ಹೀರಿದ ಪೊಟ್ಟಣವೆಂದ ಮಾತ್ರಕ್ಕೆ ಸುರಕ್ಷಿತವೆಂದು ಭಾವಿಸಬಾರದು. ಗಾಳಿಯಿಲ್ಲದಿರುವುದೇ ಕೆರ್ನರ್ ಕಂಡ ವಿಷಕ್ಕೆ ಅನುಕೂಲ. ಕೋಣೆಯ ಉಷ್ಣಾಂಶದಲ್ಲಿಯೇ ಮಾರಾಟವಾಗುವ ಇಡಿಯ ಒಣ ಸಲಾಮಿ, ಜರ್ಮನ್ ಭಾಷಿಕರು ಬೆಟ್ಟಕ್ಕೆ ಒಯ್ಯುವ ಚಪ್ಪಟೆ ಲಾಂಡ್‌ಯೇಗರ್, ಜರ್ಕಿ ಒಳ್ಳೆಯ ಆಯ್ಕೆಗಳು. ಜರ್ಕಿಯಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಜೊತೆಗೆ ಕಡಲೆಬೀಜ, ಚೀಸ್‌ಗಳಿರಲಿ. ಒಮ್ಮೆ ಕತ್ತರಿಸಿದ ಮೇಲೆ ಭರವಸೆ ಕುಗ್ಗುತ್ತದೆ. ಒಂದೆರಡು ಹೊತ್ತಿಗೆ ಮುಗಿಯುವ ಚಿಕ್ಕ ತುಂಡುಗಳನ್ನೇ ಕೊಳ್ಳಿರಿ. ಹೊರಪೊರೆಯ ತೆಳು ಬಿಳಿ ಬೂಷ್ಟು ಹಲವು ಸಲಾಮಿಗಳಿಗೆ ಸಹಜ. ಲೋಳೆ, ಉಬ್ಬಿದ ಪೊಟ್ಟಣ, ಹಸಿರು ಕಪ್ಪು ಬೂಷ್ಟುಗಳನ್ನು ಕಂಡರೆ ತ್ಯಜಿಸಿರಿ. ಬೊಟುಲಿಸಂನ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲವೆಂಬುದು ನೆನಪಿರಲಿ.

ಚಿಕ್ಕ ಮಕ್ಕಳಿರುವವರಿಗೆ ಇನ್ನೊಂದು ಮಾತು. 1995ರಲ್ಲಿ ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ, ಬೇಯಿಸದೆ ಹುಳಿಗೊಳಿಸಿದ ಮೆಟ್‌ವುರ್ಸ್ಟ್ ಸಾಸೇಜಿನಲ್ಲಿದ್ದ ಇ. ಕೋಲೈ ತಳಿಯೊಂದು ಹಲವು ಮಕ್ಕಳ ಮೂತ್ರಪಿಂಡಗಳನ್ನು ಹಾಳುಗೆಡವಿತು. ನಾಲ್ಕು ವರ್ಷದ ಮಗುವೊಂದು ತೀರಿಕೊಂಡಿತು. ಮಕ್ಕಳಿಗೂ ಗರ್ಭಿಣಿಯರಿಗೂ ಹಿರಿಯರಿಗೂ ಬೇಯಿಸಿ ತಯಾರಿಸಿದ ಬಗೆಯನ್ನೇ ಆರಿಸಿರಿ, ಇಲ್ಲವೇ ಒಲೆಯ ಮೇಲೆ ಹಬೆಯಾಡುವಷ್ಟು ಬಿಸಿಮಾಡಿ ಕೊಡಿರಿ. ರಕ್ತದೊತ್ತಡವಿರುವವರು ಉಪ್ಪನ್ನು ಲೆಕ್ಕವಿಡಬೇಕು: ನೂರು ಗ್ರಾಂ ಒಣ ಸಲಾಮಿಯಲ್ಲಿ ಸಾಮಾನ್ಯವಾಗಿ ಒಂದು ದಿನದ ಮಿತಿಯಾದ 5 ಗ್ರಾಂಗೆ ಸಮೀಪದ ಉಪ್ಪಿರುತ್ತದೆ. ಸಂಸ್ಕರಿತ ಮಾಂಸದ ನಿತ್ಯಸೇವನೆ ಕರುಳಿನ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ನಿರ್ಣಯಿಸಿದೆ. ಇದು ಪ್ರವಾಸದ ಬುತ್ತಿ, ಮನೆಯ ಅಡುಗೆಯಲ್ಲ. ಕಾಡಿನಲ್ಲಿ ಯಾರಿಗಾದರೂ ಎರಡೆರಡು ಕಾಣುವುದು, ರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದು ತೋರಿದರೆ ಬೆಳಗಾಗಲೆಂದು ಕಾಯದೆ ತುರ್ತುನೆರವು ಕೋರಿರಿ. ಪ್ರತಿವಿಷ ಸಿಗುವುದು ಆಸ್ಪತ್ರೆಯಲ್ಲಿ ಮಾತ್ರ, ಮತ್ತು ಅದು ಬೇಗ ಕೊಟ್ಟಷ್ಟೂ ಫಲಕಾರಿ.

ಬಯಲಿನ ಹೆಂಗಸರ ಒರಳು, ವುರ್ಟೆಂಬರ್ಗ್‌ನ ರೋಗಿಗಳ ಹಾಸಿಗೆ, ಎಲ್‌ಝೆಲ್‌ನ ವಾದ್ಯಗಾರರ ಊಟದ ಮೇಜು ಇವೆಲ್ಲವೂ ಸೇರಿ ಬರೆದ ಮಾತು ಇಂದು ಪೊಟ್ಟಣದ ಮೇಲೆ ಒಂದು ಸಾಲಾಗಿ ಅಚ್ಚಾಗಿದೆ. ಮುಂದಿನ ಪ್ರವಾಸಕ್ಕೆ ಸಾಮಾನು ಕಟ್ಟುವಾಗ ಮಕ್ಕಳ ಕೈಯಲ್ಲಿಯೇ ಅದನ್ನು ಓದಿಸಿರಿ; ಫ್ರೆಂಚ್ ನದಿಯಲ್ಲಿ ಅವರಿಗಿಂತ ಮೊದಲು ಹುಟ್ಟು ಹಾಕಿದವರ ಕಥೆಯನ್ನೂ ಹೇಳಿರಿ.