ನೋಡು, ವಿವೇಚಿಸು, ಮಾಡು

ಸುರಪುರವೆಂದರೆ ನಮಗೆಲ್ಲ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕರ ನೆನಪು. ಯಾದಗಿರಿ, ಶಹಾಪುರ, ಸುರಪುರದ ಈ ಸೀಮೆಯಲ್ಲಿ ಕಥೋಲಿಕ ವಿದ್ಯಾರ್ಥಿಗಳ ಸಂಘಟನೆಗೂ ಒಂದು ಚರಿತ್ರೆ ಬೇಕೇ ಎಂದು ಯಾರಾದರೂ ಕೇಳಬಹುದು. ಬೇಕು ಎನ್ನುತ್ತೇನೆ. ಆದರೆ ಅದರ ಬೇರು ಬಹು ದೂರದಲ್ಲಿದೆ.

ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಗುರುಮಠಕ್ಕೆ ಓದಲು ಹೋದರು. ಜೊತೆಯಲ್ಲಿ ಆಡಿದ ಗೆಳೆಯರು ಕಾರ್ಖಾನೆ ಸೇರಿದರು. ರಜೆಗೆ ಬಂದಾಗ ಆ ಗೆಳೆಯರೇ ಇವರನ್ನು ಹೊರಗಿನವನಂತೆ ಕಂಡರು. ಓದು ತನ್ನನ್ನು ತನ್ನವರಿಂದ ಬೇರ್ಪಡಿಸಿತಲ್ಲ ಎಂಬ ಆ ನೋವಿನಿಂದಲೇ 1925ರಲ್ಲಿ ಯುವ ಕಾರ್ಮಿಕರ ಚಳವಳಿ ಬಲಗೊಂಡು ನಿಂತಿತು. ನೋಡು, ವಿವೇಚಿಸು, ಮಾಡು ಎಂಬುದೇ ಅದರ ಕ್ರಮ. ವಿದ್ಯಾರ್ಥಿಗಳೂ ಅದನ್ನು ಹಿಡಿದರು. 1946ರಲ್ಲಿ ಅವರ ಅಂತರರಾಷ್ಟ್ರೀಯ ಸಂಘಟನೆಯಾಯಿತು. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಈ ಮೂರು ಮೆಟ್ಟಿಲುಗಳನ್ನು ಎತ್ತಿಹಿಡಿದರು.

ನಮ್ಮ ಕಡೆ ಚರ್ಚಿನ ಆಡಳಿತ ಹತ್ತಿರ ಬಂದದ್ದು ತಡವಾಗಿ. ಗುಲಬರ್ಗಾ ಧರ್ಮಪ್ರಾಂತ್ಯ ರಚನೆಯಾದದ್ದು 2005ರಲ್ಲಿ. ರಾಬರ್ಟ್ ಮಿರಾಂಡಾ ಅದರ ಮೊದಲ ಬಿಷಪರು. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದಲ್ಲೇ ಕಡಿಮೆ.

ಈ ಅಂಕಿಯ ಹಿಂದೆ ಮಕ್ಕಳ ಮುಖಗಳಿವೆ. ಸುಗ್ಗಿ ಮುಗಿದ ಮೇಲೆ ಶಾಲೆಯ ಬೆಂಚು ಖಾಲಿಯಾಗುತ್ತದೆ. ಕೇಳಿದರೆ, ‘ದುಡಿಯಾಕ ಬೆಂಗಳೂರಿಗಿ ಹೋಗ್ಯಾರ್ರಿ’ ಎಂಬ ಉತ್ತರ. ಕಾರ್ಡೈನರ ಗೆಳೆಯರು ಕಾರ್ಖಾನೆಗೆ ಹೋದರು. ನಮ್ಮ ಮಕ್ಕಳ ಗೆಳೆಯರು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ‘ನೋಡು’ ಎಂದರೆ ಮೊದಲು ಆ ಖಾಲಿ ಜಾಗವನ್ನು ನೋಡುವುದು. ಅವನೇಕೆ ಹೋದ? ಮಳೆಯೋ, ಸಾಲವೋ, ತಂಗಿಯ ಮದುವೆಯೋ? ಶುಭಸಂದೇಶದ ಬೆಳಕಿನಲ್ಲಿ ಅದನ್ನು ತೂಗಿ ನೋಡುವುದು ವಿವೇಚನೆ. ಅವನ ಪುಸ್ತಕ ಕಾದಿಡುವುದು, ಮರಳಿದಾಗ ತಪ್ಪಿದ ಪಾಠ ಹೇಳಿಕೊಡುವುದು, ಊರಲ್ಲೇ ಕೆಲಸ ಸಿಗಲೆಂದು ಹಿರಿಯರೊಡನೆ ಪಂಚಾಯತಿಗೆ ಹೋಗಿ ಕೇಳುವುದು ಕಾರ್ಯ.

ಭಾರತದಲ್ಲಿ ಈ ಸಂಘಟನೆಗೆ ಎರಡು ಹೆಸರುಗಳಿವೆ: ಕಥೋಲಿಕ ಮಕ್ಕಳಿಗೆ ವೈ.ಸಿ.ಎಸ್., ಎಲ್ಲ ಧರ್ಮದ ಮಕ್ಕಳಿಗೆ ವೈ.ಎಸ್.ಎಂ. ಕಥೋಲಿಕರು ಬೆರಳೆಣಿಕೆಯಷ್ಟೇ ಇರುವ ನಮ್ಮ ಸೀಮೆಗೆ ಎರಡನೆಯ ಹೆಸರೇ ದೊಡ್ಡದೆಂದು ನನ್ನ ಎಣಿಕೆ. ಪಕ್ಕದ ಬೆಂಚಿನವನು ಯಾವ ದೇವರಿಗೆ ಕೈಮುಗಿದರೂ ಅವನ ಹಸಿವು ನನ್ನದೂ ಹೌದು ಎನ್ನುವಲ್ಲಿ ವಿಶ್ವಾಸ ಬೆಳೆಯುತ್ತದೆ. ನಾಯಕತ್ವವೆಂದರೆ ವೇದಿಕೆಯ ಭಾಷಣವಷ್ಟೇ ಆದರೆ, ಓದಿದ ಹುಡುಗ ಮತ್ತೆ ತನ್ನವರಿಗೆ ಹೊರಗಿನವನಾಗುತ್ತಾನೆ. ಕಾರ್ಡೈನ್ ಬಾಳೆಲ್ಲ ದುಡಿದದ್ದು ಹಾಗಾಗಬಾರದೆಂದೇ.