ಪದವಿಗೂ ಕರಿ ಕೋಟಿಗೂ ನಡುವೆ

ಮನೆಯ ಮಗನೋ ಮಗಳೋ ಎಲ್‌ಎಲ್‌.ಬಿ. ಪಾಸಾದರೆ ನಮ್ಮ ಕಾಲನಿಗಳಲ್ಲಿ ಪೇಢೆ ಹಂಚುವುದು ವಾಡಿಕೆ. "ಇನ್ನೇನು, ಕರಿ ಕೋಟು ಹಾಕೋದೊಂದೇ ಬಾಕಿ" ಎಂದು ನೆರೆಮನೆಯವರು ಹರಸುತ್ತಾರೆ. ಕೋಟು ಹಾಕಲು ಅಡ್ಡಿಯಿಲ್ಲ. ಆದರೆ ಸನದು ಪಡೆದ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಅದನ್ನು ಗೂಟಕ್ಕೆ ತೂಗುಹಾಕಬೇಕಾಗುತ್ತದೆ. ಇದು ಈಚೆಗೆ ಹುಟ್ಟಿದ ಕಿರುಕುಳವೆಂದು ಗೊಣಗುವ ತಂದೆತಾಯಿಗಳು ಅನೇಕರು. ನಾವು ಓದಿದ್ದು ಬಿ.ಎಸ್ಸಿ.; ಕೆಲಸ ಕೇಂದ್ರ ಸರಕಾರದ ಗುಮಾಸ್ತಿಕೆ. ಕಾಯಿದೆಯಲ್ಲಿ ಪಾಂಡಿತ್ಯವಿಲ್ಲ. ಆದರೂ ಹಳೆಯ ಕಡತ ತೆಗೆದು ನೋಡುವ ಚಟವಿದೆ. ನೋಡಿದರೆ, ಈ ಬಾಗಿಲಿಗೆ ವಯಸ್ಸು ಬಹಳ. ನಡುವೆ ಮೂರೂವರೆ ದಶಕ ತೆರೆದುಕೊಂಡಿತ್ತು, ಅಷ್ಟೇ.

ಮಹಾತ್ಮಾ ಗಾಂಧಿಯವರು ಲಂಡನ್ನಿನಲ್ಲಿ ಬ್ಯಾರಿಸ್ಟರಿಕೆಗೆ ಓದಿದ ಸಂಗತಿಯನ್ನು ತಮ್ಮ ಆತ್ಮಕಥೆಯಲ್ಲಿ ಬಹು ಸ್ವಾರಸ್ಯವಾಗಿ ಬರೆದಿದ್ದಾರೆ. ಬೇಕಾದದ್ದು ಎರಡೇ: ಪರೀಕ್ಷೆಗಳು ಮತ್ತು ಊಟ! ಸುಮಾರು ಮೂರು ವರ್ಷದಲ್ಲಿ ಹನ್ನೆರಡು ಅವಧಿಗಳು. ಒಂದೊಂದು ಅವಧಿಯಲ್ಲೂ ಕನಿಷ್ಠ ಆರು ಸಲ ಇನ್ನರ್ ಟೆಂಪಲ್ಲಿನ ಪಂಕ್ತಿಯಲ್ಲಿ ಹಾಜರಿರಬೇಕು. ನಾಲ್ವರ ಗುಂಪಿಗೆ ಎರಡು ಸೀಸೆ ದ್ರಾಕ್ಷಾರಸ. ಗಾಂಧಿಯವರು ಮುಟ್ಟದವರಾದ್ದರಿಂದ ಅವರನ್ನು ತಮ್ಮ ಗುಂಪಿಗೆ ಎಳೆದುಕೊಳ್ಳಲು ಉಳಿದವರಲ್ಲಿ ಪೈಪೋಟಿ! ಊಟ ಮಾಡಿದವನು ಹೇಗೆ ವಕೀಲನಾಗುತ್ತಾನೆಂದು ಅವರಿಗೂ ಅರ್ಥವಾಗಲಿಲ್ಲವಂತೆ. ಪರೀಕ್ಷೆಯೂ ಅಂಥ ಕಷ್ಟದ್ದಲ್ಲ. ರೋಮನ್ ಕಾನೂನನ್ನು ಟಿಪ್ಪಣಿ ಉರುಹೊಡೆದು ಎರಡು ವಾರದಲ್ಲಿ ಮುಗಿಸುವವರಿದ್ದರು. ಗೈಡುಗಳ ಸಂತತಿ ಎಷ್ಟು ಹಳೆಯದು ನೋಡಿ. ಗಾಂಧಿಯವರು ಮಾತ್ರ ಮೂಲಗ್ರಂಥಗಳನ್ನೇ ಕೊಂಡು, ರೋಮನ್ ಕಾನೂನನ್ನು ಲ್ಯಾಟಿನ್ನಿನಲ್ಲಿ ಓದಿ, ಇಂಗ್ಲೆಂಡಿನ ಕಾಮನ್ ಲಾಗೆ ಒಂಬತ್ತು ತಿಂಗಳು ದುಡಿದರು. 1891ರ ಜೂನ್ 10ರಂದು ಬ್ಯಾರಿಸ್ಟರಾದರು. 12ರಂದು ಹಡಗು ಹತ್ತಿದರು.

ಇಷ್ಟಾಗಿ ಮುಂಬಯಿಯ ಸಣ್ಣ ದಾವೆಗಳ ಕೋರ್ಟಿನಲ್ಲಿ ಮಮೀಬಾಯಿಯ ಪರವಾಗಿ ಎದ್ದು ನಿಂತಾಗ ಪ್ರಶ್ನೆ ಕೇಳಲು ನಾಲಗೆಯೇ ಏಳಲಿಲ್ಲ. ಕುಳಿತುಬಿಟ್ಟರು. ಫೀಸು 30 ರೂಪಾಯಿ ಹಿಂದಕ್ಕೆ ಹೋಯಿತು. ಪದವಿ, ಪರೀಕ್ಷೆ, ಕಸಬು ಮೂರೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡವರ ಸಾಕ್ಷಿ ನಮಗೆ ಸಿಗಲಾರದು.

ಸ್ವದೇಶದಲ್ಲಿ ಬಾಗಿಲುಗಳು ಹಲವು. 1879ರ ಕಾಯಿದೆಯ ಕಾಲಕ್ಕೆ ವಕೀಲರು, ಪ್ಲೀಡರುಗಳು, ಮುಖ್ತಾರರು ಎಂದು ಮೆಟ್ಟಿಲು ಮೆಟ್ಟಿಲಾಗಿ ವರ್ಗಗಳಿದ್ದವು. ಇವರೆಲ್ಲರ ಮೇಲೆ ವಿಲಾಯತಿ ಬ್ಯಾರಿಸ್ಟರರು. ಎಷ್ಟು ಪರೀಕ್ಷೆ ಗೆದ್ದರೂ ತೆರೆಯದ ಬಾಗಿಲೂ ಇತ್ತು. ಕಾರ್ನೆಲಿಯಾ ಸೊರಾಬ್ಜಿ ಅವರು 1892ರಲ್ಲಿ ಆಕ್ಸ್‌ಫರ್ಡಿನ ಕಾನೂನು ಪರೀಕ್ಷೆ ಬರೆದರು. ಮುಂಬಯಿ ವಿಶ್ವವಿದ್ಯಾಲಯದ ಎಲ್‌ಎಲ್‌.ಬಿ. ಮಾಡಿದರು, ಅಲಾಹಾಬಾದ್ ಹೈಕೋರ್ಟಿನ ಪ್ಲೀಡರ್ ಪರೀಕ್ಷೆಯನ್ನೂ ಗೆದ್ದರು. ಹೆಂಗಸೆಂಬ ಒಂದೇ ಕಾರಣಕ್ಕೆ 1923ರ ಕಾಯಿದೆ ಬರುವವರೆಗೆ ಕಾಯಬೇಕಾಯಿತು.

ಕೆಲವರನ್ನು ತಡೆದದ್ದು ಹಣ. ಡಾ. ಅಂಬೇಡ್ಕರರು ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದರು. ಮತ್ತೆ ಹಣ ಕೂಡಿಸಿ 1920ರಲ್ಲಿ ಹೋಗಿ, 1922ರಲ್ಲಿ ಗ್ರೇಸ್ ಇನ್ನಿನಿಂದ ಬ್ಯಾರಿಸ್ಟರಾದರು. ಮುಂಬಯಿಗೆ ಬಂದ ಮೇಲೆ ಸನದಿಗೆ ಕಟ್ಟಲು ಹಣವಿಲ್ಲ! ಪಾರ್ಸಿ ಗೆಳೆಯ ನವಲ್ ಭಥೇನಾ ಕೈಹಿಡಿದರು. ಅಂಥ ಗೆಳೆಯರಿಲ್ಲದೆ ಹಿಂತಿರುಗಿದವರ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ.

ಈ ಮೇಲುಕೀಳಿನ ವರ್ಗಗಳನ್ನೆಲ್ಲ ಅಳಿಸಿ 'ಅಡ್ವೊಕೇಟ್' ಎಂಬ ಒಂದೇ ವರ್ಗಕ್ಕೆ ದಾರಿ ಮಾಡಿದ್ದು 1961ರ ಕಾಯಿದೆ. ಅದರ 24ನೆಯ ಕಲಮಿನಲ್ಲಿ ಪದವಿಯ ಮೇಲೆ ತರಬೇತಿ, ಅದರ ಮೇಲೆ ರಾಜ್ಯ ವಕೀಲರ ಪರಿಷತ್ತಿನ ಪರೀಕ್ಷೆ ಎಂದಿತ್ತು. 1973ರ ತಿದ್ದುಪಡಿಯಲ್ಲಿ ಸಂಸತ್ತು ಆ ಮಾತನ್ನೇ ತೆಗೆದುಹಾಕಿತು. ನಮ್ಮ ಹಿರಿಯ ತಲೆಮಾರಿನ ವಕೀಲರು ಪದವಿಪತ್ರ ಹಿಡಿದು ನೇರವಾಗಿ ಕೋರ್ಟಿಗೆ ನಡೆದದ್ದು ಈ ಕಾಲದಲ್ಲಿ. "ನಮ್ಮ ಕಾಲಕ್ಕೆ ಇದೆಲ್ಲ ಇರಲಿಲ್ಲಪ್ಪ" ಎಂದು ಅವರು ಹೇಳುವುದು ನಿಜವೇ.

ಅಖಿಲ ಭಾರತ ಪರಿಷತ್ತು 1995ರಲ್ಲಿ ಒಂದು ವರ್ಷದ ತರಬೇತಿಯ ನಿಯಮ ತಂದಿತು. ಸಂಸತ್ತು ತೆಗೆದುಹಾಕಿದ್ದನ್ನು ನೀವು ನಿಯಮದಿಂದ ತರುವಂತಿಲ್ಲವೆಂದು ಸುಪ್ರೀಂ ಕೋರ್ಟು 1999ರ ಸುಧೀರ್ ಪ್ರಕರಣದಲ್ಲಿ ಅದನ್ನು ರದ್ದುಪಡಿಸಿತು. 2010ರಲ್ಲಿ ಪರಿಷತ್ತು ಜಾಣತನದ ದಾರಿ ಹಿಡಿಯಿತು: ಸನದು ಮೊದಲು, ಪರೀಕ್ಷೆ ಆಮೇಲೆ. ಮೊದಲ ಪರೀಕ್ಷೆ ನಡೆದದ್ದು 2011ರ ಮಾರ್ಚ್ 6ರಂದು. ಇದೂ ಕೋರ್ಟಿನ ಮೆಟ್ಟಿಲೇರಿತು. ಐವರು ನ್ಯಾಯಮೂರ್ತಿಗಳ ಪೀಠ 2023ರ ಫೆಬ್ರವರಿ 10ರಂದು ಪರಿಷತ್ತಿನ ಅಧಿಕಾರವನ್ನು ಎತ್ತಿಹಿಡಿದು, ಪರೀಕ್ಷೆ ಸನದಿಗೆ ಮೊದಲೋ ಆಮೇಲೋ ಎಂಬುದನ್ನೂ ಪರಿಷತ್ತಿಗೇ ಬಿಟ್ಟಿತು. 1999ರ ತೀರ್ಪು ಅಲ್ಲಿಗೆ ಬಿದ್ದಿತು.

ಪರೀಕ್ಷೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಒಂದೇ ಸಂಬಳದಲ್ಲಿ ಬಾಡಿಗೆ ಕಟ್ಟುವ ಪರಊರಿನ ಮನೆಗೆ, ಓದು ಮುಗಿಸಿದ ಮಗ ಇನ್ನೂ ಕೆಲವು ತಿಂಗಳು ಕಾಯಬೇಕೆಂದರೆ ಅದು ಸಣ್ಣ ಮಾತಲ್ಲ. 2024ರ ಎರಡು ಆದೇಶಗಳು ಈ ದೃಷ್ಟಿಯಿಂದ ದೊಡ್ಡವು. ಹಲವು ರಾಜ್ಯಗಳಲ್ಲಿ 15 ಸಾವಿರಕ್ಕೂ ಮೇಲೇರಿದ್ದ ಸನದಿನ ಶುಲ್ಕ ಕಾಯಿದೆಯಲ್ಲಿರುವ 750 ರೂಪಾಯಿ ಮೀರಬಾರದು, ಪರಿಶಿಷ್ಟ ಜಾತಿ ಪಂಗಡದವರಿಗೆ 125 ಮೀರಬಾರದು ಎಂದು ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೊನೆಯ ಸೆಮಿಸ್ಟರಿನಲ್ಲಿರುವವರನ್ನೂ ಪರೀಕ್ಷೆಗೆ ಕೂರಿಸಬೇಕೆಂದು ಸೆಪ್ಟೆಂಬರಿನಲ್ಲಿ ಆದೇಶವಾಯಿತು.

ತಯಾರಿಯ ಮಾತು. 2011ರಲ್ಲಿ 100 ಪ್ರಶ್ನೆಗೆ ಮೂರೂವರೆ ಗಂಟೆ. ಎಂದರೆ ಒಂದಕ್ಕೆ ಎರಡು ನಿಮಿಷ ಆರು ಸೆಕೆಂಡು. ಆಗ ಯಾವ ಪುಸ್ತಕವನ್ನಾದರೂ ಒಳಗೆ ಒಯ್ಯಬಹುದಿತ್ತು. ಈಚೆಗೆ ಟಿಪ್ಪಣಿಯಿಲ್ಲದ ಬರಿಯ ಕಾಯಿದೆಯ ಪ್ರತಿಗಳಿಗೆ ಮಾತ್ರ ಅಪ್ಪಣೆ. ಪುಸ್ತಕವಿದ್ದರೆ ಪಾಸಾದಂತೆಯೇ ಎಂದು ಯಾರೂ ತಿಳಿಯಬಾರದು. ನಮ್ಮ ಇಲಾಖಾ ಪರೀಕ್ಷೆಗಳಲ್ಲೂ ಪುಸ್ತಕಸಹಿತ ಪತ್ರಿಕೆಗಳುಂಟು. ನಿಯಮ ಯಾವ ಪುಟದಲ್ಲಿದೆಯೆಂದು ಮೊದಲೇ ತಿಳಿಯದವನು ಗಂಟೆ ಬಾರಿಸುವವರೆಗೆ ಪರಿವಿಡಿಯನ್ನೇ ತಿರುವುತ್ತಿರುತ್ತಾನೆ. ಕಾಯಿದೆಯ ಪ್ರತಿಯೊಡನೆ ದಿನಾ ಒಡನಾಡಿದವನ ಬೆರಳಿಗೆ ಮಾತ್ರ ಕಲಮು ಸಿಕ್ಕೀತು.

ಇನ್ನೊಂದು ಸಂಗತಿ ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಧಾರವಾಡದಲ್ಲೋ ಕಲಬುರ್ಗಿಯಲ್ಲೋ ಕನ್ನಡ ಆಸರೆಯಲ್ಲಿ ಓದಿ ಇಲ್ಲಿಗೆ ಬಂದ ಹುಡುಗ ಹುಡುಗಿಯರು ಇಂಗ್ಲಿಷಿಗೆ ಹೆದರಿ ಅರ್ಜಿಯನ್ನೇ ಮುಂದೂಡಬೇಕಾಗಿಲ್ಲ. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆ ಜಾರಿಗೆ ಬಂದಿರುವುದರಿಂದ ಹೊಸ ಪ್ರತಿಗಳನ್ನೇ ಕೊಳ್ಳಬೇಕು. ಹಾಗೆಂದು ಕಪಾಟಿನ ಹಳೆಯ ದಂಡ ಸಂಹಿತೆಯನ್ನು ರದ್ದಿಗೆ ಹಾಕುವ ಅವಸರ ಬೇಡ. ಆ ದಿನಕ್ಕೆ ಮೊದಲಿನ ಅಪರಾಧಗಳ ವಿಚಾರಣೆ ಅದರ ಪ್ರಕಾರವೇ ನಡೆಯುತ್ತಿದೆ, ಹೊಸ ವಕೀಲನ ಕೈಗೆ ಮೊದಲು ಬರುವ ಕಡತವೂ ಅಂಥದೇ ಇರಬಹುದು.