ಸ್ಮಾರ್ಟ್ ಪದದ ಹಿಂದಿರುವ ನೋವು

ಮೊಮ್ಮಗಳು ಬಲು ಸ್ಮಾರ್ಟ್, ಅವಳ ಕೈಯಲ್ಲಿ ಸ್ಮಾರ್ಟ್ ಫೋನ್, ತರಗತಿಯಲ್ಲಿ ಸ್ಮಾರ್ಟ್ ಬೋರ್ಡ್. ಇಂಗ್ಲಿಷ್ ಬಾರದವರ ನಾಲಿಗೆಯ ಮೇಲೂ ನಲಿಯುವ ಈ ಪದಕ್ಕೆ 'ಜಾಣ', 'ಚುರುಕು' ಎಂದು ನಾವು ಅರ್ಥ ಹೇಳುತ್ತೇವೆ. ಆದರೆ ಅದು ಹುಟ್ಟಿದ ಕಾಲದಲ್ಲಿ ಅದಕ್ಕೂ ಜಾಣತನಕ್ಕೂ ಸಂಬಂಧವಿರಲಿಲ್ಲ. ಅದರ ಮೂಲಾರ್ಥ ನೋವು.

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ 'ಸ್ಮೆಯೊರ್ಟನ್' ಎಂಬ ಕ್ರಿಯಾಪದವಿತ್ತು. ನೋಯುವುದು, ಉರಿಯುವುದು ಎಂದು ಅದರರ್ಥ. ಜರ್ಮನ್ ಭಾಷೆಯಲ್ಲಿ ನೋವಿಗೆ ಇಂದಿಗೂ ಬಳಕೆಯಲ್ಲಿರುವ 'ಶ್ಮೆರ್ಟ್ಸ್' ಅದರ ದಾಯಾದಿ. ಮೈಯನ್ನು ಉರಿಸುವ ಏಟು ಸ್ಮಾರ್ಟ್ ಆಗಿತ್ತು. ಮುಂದೆ ಮಧ್ಯಯುಗದಲ್ಲಿ ಬಿರುಸು, ವೇಗ ಎಂಬ ಅರ್ಥಗಳು ಸೇರಿಕೊಂಡವು. 17ನೇ ಶತಮಾನದ ವೇಳೆಗೆ ಥಟ್ಟನೆ ಎದುರುತ್ತರ ಕೊಡಬಲ್ಲ ಬುದ್ಧಿವಂತನೂ ಸ್ಮಾರ್ಟ್ ಎನಿಸಿಕೊಂಡ. ಅಚ್ಚುಕಟ್ಟಾದ ಉಡುಪಿಗೆ ಆ ಹೆಸರು ಬಂದದ್ದು 18ನೇ ಶತಮಾನದಲ್ಲಿ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಉರಿ ಮತ್ತು ಜಾಣ್ಮೆ ಎರಡೂ ಒಂದೇ ಪದದಡಿ ಕುಳಿತಿವೆ. 1972ರ ವಿಯೆಟ್ನಾಂ ಯುದ್ಧದಲ್ಲಿ ಲೇಸರ್ ಕಿರಣದ ಜಾಡು ಹಿಡಿದು ಗುರಿ ಮುಟ್ಟುವ ಬಾಂಬುಗಳನ್ನು ಅಮೆರಿಕನ್ನರು 'ಸ್ಮಾರ್ಟ್ ಬಾಂಬ್' ಎಂದಾಗ, ಆ ಪದ ಮತ್ತೆ ತವರುಮನೆಗೇ ಮರಳಿದಂತಾಯಿತು!

ಇದನ್ನು ಕಂಡು ನಾವು ಅಚ್ಚರಿಪಡಬೇಕಾಗಿಲ್ಲ. ನಮ್ಮ 'ಚುರುಕು' ಪದವನ್ನೇ ನೋಡಿ. ಕಾದ ಬಾಣಲೆ ತಾಗಿದರೆ ಬೆರಳು ಚುರ್ರೆನ್ನುತ್ತದೆ. ಮಧ್ಯಾಹ್ನದ ಬಿಸಿಲು ಚುರುಕಾಗಿರುತ್ತದೆ. ಹುಡುಗ ಲೆಕ್ಕದಲ್ಲಿ ಚುರುಕು. ತಂದೆಯ ಮಾತು ಮಗನಿಗೆ ಚುರುಕು ಮುಟ್ಟಿಸುತ್ತದೆ. ದೂರದ ಎರಡು ಭಾಷೆಗಳು ಒಂದನ್ನೊಂದು ಕೇಳದೆಯೇ ಉರಿಯನ್ನೂ ಬುದ್ಧಿಯನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿವೆ.

ಮಾಸ್ತರಿಕೆ ಮಾಡಿದವನಿಗೆ ಇದು ಬರಿಯ ಪದವಿನೋದವಾಗಿ ಉಳಿಯುವುದಿಲ್ಲ. ನಾವು ಓದುವ ಕಾಲದಲ್ಲಿ ಬುದ್ಧಿ ಚುರುಕಾಗಲೆಂದೇ ಅಂಗೈಗೆ ಛಡಿಯೇಟು ಬೀಳುತ್ತಿತ್ತು. ಆ ಉರಿ ಸಂಜೆಯೊಳಗೆ ಆರುತ್ತಿತ್ತು. ಆದರೆ ಒಬ್ಬ ಮೇಷ್ಟರು ಇಡೀ ತರಗತಿ ನಗುವಂತೆ ನನ್ನ ಪಕ್ಕದ ಹುಡುಗನಿಗೆ ಎಸೆದ ಒಂದು ಚತುರೋಕ್ತಿ ಆರಲಿಲ್ಲ. ಅವನು ಆ ವರ್ಷವೇ ಶಾಲೆ ಬಿಟ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕೋಲಿನ ಉರಿಯನ್ನೂ ನಾಲಿಗೆಯ ಉರಿಯನ್ನೂ ಕಾನೂನು ಒಂದೇ ಸಾಲಿನಲ್ಲಿ ಇಟ್ಟದ್ದು ನನಗೆ ಬಹಳ ಸರಿಯೆನಿಸಿತು.

ಇಂದಿನ ಕಿರಿಯ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಮಗುವೊಂದನ್ನು ಸ್ಮಾರ್ಟ್ ಎಂದು ಹೊಗಳುವಾಗ, ಆ ಮಾತು ಪಕ್ಕದಲ್ಲಿ ಕುಳಿತ ಮಗುವಿಗೆ ಯಾವ ಅರ್ಥದಲ್ಲಿ ತಾಗುತ್ತಿದೆ ಎಂಬುದನ್ನೂ ಸ್ವಲ್ಪ ಗಮನಿಸಿ.